ಉಬುಂಟುವಿನಲ್ಲಿ ಜೆಒಎಸ್‌ಎಂ: ಬೆಟಗೇರಿಯ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಬೆಟಗೇರಿಯ ಓಣಿಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಲು ಉಬುಂಟುವಿನ ತಂತ್ರಾಂಶ ಭಂಡಾರದಿಂದ ಜೆಒಎಸ್‌ಎಂ (ಆ ನಕ್ಷೆಯನ್ನು ತಿದ್ದುವ ತಂತ್ರಾಂಶ) ಹಾಕಿಕೊಂಡಿರಿ, ಆದರೆ ಅದು ಹಳೆಯ ಆವೃತ್ತಿಯಾಗಿದ್ದು ಕನ್ನಡ ಹೆಸರುಗಳು ಬರಿಯ ಚೌಕಗಳಾಗಿ ಕಾಣುತ್ತಿವೆ ಎಂದು ತಾವು ಬರೆದಿದ್ದೀರಿ.

ಭಂಡಾರದ ಆವೃತ್ತಿ ಹಿಂದುಳಿಯುವುದು ಸಹಜ. ಜೆಒಎಸ್‌ಎಂ ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶವಾದ್ದರಿಂದ, ಜಾವಾವನ್ನು ಚಾಲನೆ ಮಾಡುವ ಓಪನ್‌ಜೆಡಿಕೆ 17 ಅನ್ನು ಸ್ಥಾಪಿಸಿ, ಅಧಿಕೃತ ತಾಣದ ಜಾರ್ ಕಡತವನ್ನು (ಜಾವಾ ತಂತ್ರಾಂಶದ ಕಟ್ಟು) ನೇರವಾಗಿ ಚಾಲನೆ ಮಾಡುವುದೇ ನನ್ನ ಮಟ್ಟಿಗೆ ಸರಿಯಾದ ದಾರಿ. ಅದು ಬೇಡವೆನಿಸಿದರೆ ಫ್ಲಾಟ್‌ಪ್ಯಾಕ್ ಕಟ್ಟು ಜಾವಾವನ್ನೂ ತನ್ನೊಡನೆಯೇ ತರುತ್ತದೆ. ಚೌಕಗಳಿಗೆ ಸಾಮಾನ್ಯವಾಗಿ ಕನ್ನಡ ಫಾಂಟ್ ಇಲ್ಲದಿರುವುದೇ ಕಾರಣ: ಲೋಹಿತ್ ಅಥವಾ ನೋಟೊ ಕನ್ನಡ ಫಾಂಟನ್ನು ಸ್ಥಾಪಿಸಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ.

ಗದಗ-ಬೆಟಗೇರಿಯ ನಕ್ಷೆಯನ್ನೆಲ್ಲ ಒಮ್ಮೆಲೇ ಇಳಿಸಿಕೊಳ್ಳದೆ ಓಣಿ ಓಣಿಯಾಗಿ ತೆಗೆದುಕೊಳ್ಳಿ, ಏಕೆಂದರೆ ಸರ್ವರ್ ಒಂದು ಕೋರಿಕೆಗೆ 50,000 ನೋಡ್‌ಗಳಿಗಿಂತ (ನಕ್ಷೆಯ ಬಿಂದುಗಳಿಗಿಂತ) ಹೆಚ್ಚನ್ನು ಕೊಡುವುದಿಲ್ಲ. ಕನ್ನಡ ಹೆಸರನ್ನು ‘ನೇಮ್:ಕೆಎನ್’ (name:kn) ಟ್ಯಾಗ್‌ನಲ್ಲಿ ದಯವಿಟ್ಟು ತಪ್ಪದೆ ತುಂಬಿರಿ.