ಡಿಸೋಜ ಅಂದರೆ ಪೋರ್ಚುಗೀಸ್ ವಂಶದವರಾ? ಮಂಗಳೂರಿನ ಡಿಸೋಜರೆಲ್ಲ ಸಂಬಂಧಿಕರಾ?

ನಿಮ್ಮ ಅಮ್ಮನ ಕಡೆಯವರು ಮಂಗಳೂರಿನ ಡಿಸೋಜರು, ಹಾಗಾದರೆ ನಮ್ಮಲ್ಲಿ ಪೋರ್ಚುಗೀಸ್ ರಕ್ತ ಇದೆಯಾ ಅಂತ ಕೇಳಿದ್ದೀರಿ. ನಾನೂ ಡಿಸೋಜನೇ, ಕುಲಶೇಖರದವನು. ಹೆಸರು ನೋಡಿ ಹಾಗೆ ಹೇಳಲಿಕ್ಕೆ ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಹಿರಿಯರು ಗೋವಾದ ಕೊಂಕಣಿಗರು.

ಡಿಸೋಜದಲ್ಲಿರುವ ಸೋಜ ಎಂಬುದು ಉತ್ತರ ಪೋರ್ಚುಗಲ್‌ನ ಒಂದು ನದಿ. ಆ ಕಡೆಯ ಮನೆತನದ ಹೆಸರು ಗೋವಾಕ್ಕೆ ಬಂದದ್ದು 1510ರಲ್ಲಿ ಪೋರ್ಚುಗೀಸರು ಅದನ್ನು ಗೆದ್ದ ಮೇಲೆ. ಜ್ಞಾನಸ್ನಾನ ಪಡೆದು ಕ್ರೈಸ್ತರಾದವರಿಗೆ ಪಾದ್ರಿಯದ್ದೋ, ಜ್ಞಾನಸ್ನಾನದ ತಂದೆಯದ್ದೋ ಸರ್‌ನೇಮ್ ಸಿಗುತ್ತಿತ್ತು. ಹಾಗಾಗಿ ಯಾವ ಸಂಬಂಧವೂ ಇಲ್ಲದ ಮನೆಗಳು ಒಂದೇ ಹೆಸರಿನವಾದವು. ಒಂದೇ ಕುಟುಂಬದ ಕವಲುಗಳು ಬೇರೆ ಬೇರೆ ಹೆಸರಿನವಾದದ್ದೂ ಉಂಟು.

ಮತಾಂತರಕ್ಕೆ ಮೊದಲು ಅವರಿಗೆ ಪ್ರಭು, ಕಾಮತ್, ಪೈ, ಶೆಣೈ, ನಾಯ್ಕ್, ಶೇಟ್ ಇಂಥ ಹೆಸರುಗಳಿದ್ದವು. ಊರಿನ ತುಳುವರು ಈಗಲೂ ಕ್ರಿಶ್ಚಿಯನ್ ಗಂಡಸರನ್ನು 'ಪೊರ್ಬುಳೇ' ಎಂದು ಕರೆಯುವುದು ಕೇಳಿದ್ದೀರಲ್ವಾ? ಅದು ಪ್ರಭುವೇ. ಕೆಲವು ಮನೆಗಳಲ್ಲಿ ಹಳೇ ಹೆಸರು ಇನ್ನೂ ನೆನಪಿದೆ. ನಿಮ್ಮ ಅಜ್ಜಿ ಇದ್ದರೆ ಮೊದಲು ಇದನ್ನೇ ಕೇಳಿ, ಸರ್‌ನೇಮಿಗಿಂತ ಜಾಸ್ತಿ ಸುಳಿವು ಇದರಲ್ಲಿದೆ.

ಗೋವಾ ಬಿಟ್ಟು ತೆಂಕಣಕ್ಕೆ ಬಂದದ್ದು ಒಂದೇ ಸಲಕ್ಕಲ್ಲ. 1560ರಲ್ಲಿ ಅಲ್ಲಿ ಇನ್ಕ್ವಿಸಿಷನ್, ಅಂದರೆ ಧರ್ಮದ ವಿಷಯದಲ್ಲಿ ವಿಚಾರಣೆ ಮಾಡಿ ಶಿಕ್ಷಿಸುವ ಚರ್ಚ್ ನ್ಯಾಯಾಲಯ, ಶುರುವಾಯಿತು. ಮತಾಂತರವಾದರೂ ಹಳೇ ಪದ್ಧತಿ ಬಿಡದವರಿಗೆ ಅದು ದೊಡ್ಡ ಕಾಟ. ಆಮೇಲೆ ಮರಾಠರ ದಾಳಿ, ತೆರಿಗೆ, ಬರ. ಇತ್ತ ಕೆಳದಿ ನಾಯಕರಿಗೆ ಬೇಸಾಯ ಬಲ್ಲ ಜನ ಬೇಕಿತ್ತು, ಭೂಮಿ ಕೊಟ್ಟರು. ಕಲ್ಯಾಣಪುರ, ಶಿರ್ವ, ಮೂಡುಬೆಳ್ಳೆ ಕಡೆಯ ಗದ್ದೆ ತೋಟಗಳಲ್ಲಿ ನಮ್ಮವರು ಇಷ್ಟೊಂದು ಇರುವುದಕ್ಕೆ ಅದೂ ಒಂದು ಕಾರಣ.

ಸಂಬಂಧದ ವಿಷಯ. ನನ್ನ ಅಪ್ಪ ಡಿಸೋಜ, ಅಮ್ಮನ ತವರೂ ಡಿಸೋಜ. ಮದುವೆಗೆ ಯಾರೂ ತಕರಾರು ತೆಗೆಯಲಿಲ್ಲ. ತುಳುವರಲ್ಲಿ ಒಂದೇ 'ಬರಿ'ಯವರು (ಗೋತ್ರದ ಹಾಗೆ) ಮದುವೆಯಾಗುವುದಿಲ್ಲ, ನಮ್ಮ ಸರ್‌ನೇಮಿಗೆ ಅಂಥ ಕಟ್ಟು ಇಲ್ಲ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ನೋಡುವುದು ಹತ್ತಿರದ ರಕ್ತಸಂಬಂಧ ಇದೆಯಾ ಅಂತ ಮಾತ್ರ.

ಎಷ್ಟು ಜನ ಇದ್ದೇವೆ? ನಮ್ಮ ಜನಗಣತಿಯಲ್ಲಿ ಸರ್‌ನೇಮ್ ಲೆಕ್ಕ ಪ್ರಕಟಿಸುವುದಿಲ್ಲ. ಇಂಟರ್ನೆಟ್ಟಿನಲ್ಲಿ ಕಾಣುವ ಸಂಖ್ಯೆಗಳನ್ನು ಸುಮ್ನೆ ನಂಬಬೇಡಿ. ಇನ್ನು ಇಂಗ್ಲಿಷಿನಲ್ಲಿ D'Souza ಎಂದು ಬರೆಯುವಾಗಿನ ಆ ಅಪಾಸ್ಟ್ರಫಿ! ಎಷ್ಟೋ ಫಾರ್ಮುಗಳು ಅದನ್ನು ತೆಗೆದುಕೊಳ್ಳುವುದೇ ಇಲ್ಲ, ಒಂದೇ ಮನೆಯಲ್ಲಿ ಮೂರು ಥರ ಸ್ಪೆಲ್ಲಿಂಗ್ ಆಗಿರುತ್ತದೆ. ಮಂಗಳೂರು, ಉಡುಪಿ, ಗೋವಾ, ಮುಂಬೈಯಲ್ಲಿ ನಾವು ಧಾರಾಳ, ಕೊಲ್ಲಿ ದೇಶಗಳಲ್ಲಂತೂ ಕೇಳುವುದೇ ಬೇಡ. ವಸಾಯಿಯ ಈಸ್ಟ್ ಇಂಡಿಯನ್ ಡಿಸೋಜರು ಬೇರೆಯೇ ಸಮುದಾಯ, ಅವರ ಮನೆಮಾತು ಮರಾಠಿ ಕಡೆಯದು. ಶ್ರೀಲಂಕಾದ ಡಿ ಸೊಯ್ಸಾ, ಬ್ರೆಜಿಲಿನ ಸೋಜ, ಆಫ್ರಿಕಾದ ಬೆನಿನ್‌ನ ಡಿ ಸೋಜ ಮನೆತನ, ಎಲ್ಲದಕ್ಕೂ ಹೆಸರಿನ ಬೇರು ಒಂದೇ. ಅವರ್‍ಯಾರೂ ನಿಮ್ಮ ಮಾವಂದಿರಲ್ಲ!

ನಿಮ್ಮ ಮನೆತನವನ್ನೇ ಹುಡುಕಬೇಕಿದ್ದರೆ ಅಜ್ಜನಿಗೆ ಜ್ಞಾನಸ್ನಾನ ಆದ ಇಗರ್ಜಿಗೆ ಹೋಗಿ, ಅಲ್ಲಿನ ದಫ್ತರ ನೋಡಲು ವಿಗಾರರ (ಅಲ್ಲಿನ ಮುಖ್ಯ ಪಾದ್ರಿಯ) ಒಪ್ಪಿಗೆ ಕೇಳಿ. ಆದರೆ 1784ಕ್ಕಿಂತ ಹಿಂದಿನದ್ದು ಸಿಗುವುದು ಕಷ್ಟ. ಆ ವರ್ಷ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಹೆಚ್ಚಿನ ಇಗರ್ಜಿಗಳು ನೆಲಸಮವಾದವು. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. ಅಜ್ಜನ ಇಗರ್ಜಿ ಉಡುಪಿ ಜಿಲ್ಲೆಯದ್ದಾದರೆ ಅದು 2012ರಿಂದ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿದೆ, ಮಂಗಳೂರಿನ ಬಿಷಪ್ ಹೌಸಿಗೆ ಅಲೆಯಬೇಡಿ.