ಮುಧೋಳ ಕಡೆ ಸಕ್ಕರಿ ಫ್ಯಾಕ್ಟರಿಯೊಳಗ ಅಪ್ಪ 20 ವರ್ಷ ನೈಟ್ ಶಿಫ್ಟ್ ಮಾಡ್ಯಾರ, ನಿದ್ದಿ ಕೆಟ್ಟೈತಿ, ಮುಂದ ಅಲ್ಝೈಮರ್ ಬರ್ತೈತೇನ್ರಿ?

ಬಂದ ಬರ್ತೈತಿ ಅಂತ ಹೇಳಾಕ ಆಗಂಗಿಲ್ರಿ, ಆದ್ರ ರಿಸ್ಕ್ ಏರಬಹುದು. ಗಾಢ ನಿದ್ದ್ಯಾಗ ಮಿದುಳು ಅಮೈಲಾಯ್ಡ್ ಬೀಟಾ ಅನ್ನೋ, ಅಲ್ಝೈಮರ್‌ನ್ಯಾಗ ಜಮಾ ಆಗೋ ಕಸ ಹೊರಗ ಹಾಕ್ತೈತಿ ಅಂತಾರ, ಮುಂಜಾನಿ ಅಂಗಳಾ ಕಸಾ ಹೊಡದಂಗ, ಒಂದ ರಾತ್ರಿ ನಿದ್ದಿಗೆಟ್ರೂ ಅದು ಏರಿದ್ದು 2018ರ ಒಂದು ಸಣ್ಣ ಸ್ಟಡಿಯೊಳಗ ಸ್ಕ್ಯಾನ್‌ನ್ಯಾಗ ಕಂಡೈತಿ. 2021ರಾಗ ಬ್ರಿಟನ್ನಿನ ಸುಮಾರು 8,000 ಸರ್ಕಾರಿ ನೌಕರರ 25 ವರ್ಷದ ಡೇಟಾ ನೋಡಿದಾಗ, 50-60ರ ವಯಸ್ಸಿನ್ಯಾಗ 6 ತಾಸು ಇಲ್ಲಾ ಅದಕ್ಕೂ ಕಡಿಮಿ ಮಲಗೋರಿಗೆ 7 ತಾಸು ಮಲಗೋರಿಗಿಂತ ಡಿಮೆನ್ಷಿಯಾ (ಅಲ್ಝೈಮರ್‌ನಂಥಾ ಮರವಿನ ರೋಗ) ಜಾಸ್ತಿ ಇತ್ತು. ಆದ್ರ ಉಲ್ಟಾನೂ ಖರೇ, ಮರವು ಕಾಣೋ ಮೊದಲ ರೋಗನ ಮಿದುಳಿನ ನಿದ್ದಿ ಗಡಿಯಾರ ಕೆಡಸಬಹುದು, ಹಿಂಗಾಗಿ ಬಿಡಿಸಿ ಹೇಳೋದು ಕಷ್ಟ. ಅಪ್ಪಾರು ಜೋರ ಗೊರಕಿ ಹೊಡೀತಾ ನಡುನಡುವ ಉಸಿರು ಕಟ್ಟತಾರಂದ್ರ ಬಾಗಲಕೋಟಿ, ಬೆಳಗಾವಿ ಎಲ್ಲಾದ್ರೂ ಮೊದಲ ಸ್ಲೀಪ್ ಟೆಸ್ಟ್ ಮಾಡಸ್ರಿ, ಉಸಿರು ಕಟ್ಟೋದಕ್ಕ ಟ್ರೀಟ್‌ಮೆಂಟ್ ಐತಿ.