ನಿಧಾನವಾಗಿ ಏರಿಸಿ, ಸರ್ರನೆ ನೇರ ಇಳಿಸಿದರೆ ಡ್ರೋನ್ ಬ್ಯಾಟರಿ ಉಳಿಯುತ್ತದೆಯೇ?

ಉಳಿಯುವುದಿಲ್ಲ. ಇದೇ ಲೆಕ್ಕ ಹಾಕಿ ನಾನು ಡ್ರೋನ್ ಕಳೆದುಕೊಂಡಿದ್ದೇನೆ.

ಶಹಾಬಾದ್ ಬಳಿ ನಮ್ಮ ಕಾಕಾ ಅವರ ಪರ್ಸಿ ಕಲ್ಲಿನ ಖಣಿ ಇದೆ. ಎಲ್ಲೆಲ್ಲಿ ಕಲ್ಲು ತೆಗೆದಾಗಿದೆ, ನೀರು ಎಲ್ಲಿ ನಿಂತಿದೆ ಎಂದು ಮೇಲಿನಿಂದ ನೋಡಬೇಕೆಂದರು. ನಾನೇ ಜೋಡಿಸಿದ್ದ 1.4 ಕಿಲೋ ತೂಕದ, 10 ಇಂಚಿನ ನಾಲ್ಕು ಪ್ರೊಪೆಲ್ಲರ್‌ಗಳ ಡ್ರೋನ್ ಒಯ್ದೆ. ಮೇ ತಿಂಗಳ ಬೆಳಿಗ್ಗೆ, ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಹಾರಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂದುಕೊಂಡೆ.

ಸೆಕೆಂಡಿಗೆ 1 ಮೀಟರ್‌ನಂತೆ 100 ಮೀಟರ್ ಏರಿಸಿದೆ. ಚಿತ್ರ ತೆಗೆದು ಮುಗಿಸುವಷ್ಟರಲ್ಲಿ ಬ್ಯಾಟರಿಯ ಎಚ್ಚರಿಕೆ ಕೂಗತೊಡಗಿತು. ಗಾಬರಿಯಿಂದ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನೇರ ಕೆಳಗಿಳಿಸಿದೆ. ಸುಮಾರು 40 ಮೀಟರ್ ಎತ್ತರದಲ್ಲಿ ಅದು ಗಡಗಡ ನಡುಗಿತು. ಮೋಟರುಗಳ ವೇಗ ಹೆಚ್ಚಿಸುವ ಥ್ರಾಟಲನ್ನು ಪೂರ್ತಿ ಮೇಲಕ್ಕೆ ಒತ್ತಿದೆ. ಮೋಟರುಗಳು ಕಿರುಚಿದವು, ಡ್ರೋನ್ ಮಾತ್ರ ಇನ್ನೂ ವೇಗವಾಗಿ ಕುಸಿದು ಕಲ್ಲಿನ ಅಟ್ಟಿಯ ಮೇಲೆ ಬಿತ್ತು.

ಆ ಥ್ರಾಟಲ್ ಒತ್ತಿದ್ದೇ ನನ್ನ ತಪ್ಪು. ಪ್ರೊಪೆಲ್ಲರ್ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ನನ್ನ ಡ್ರೋನ್ ನಿಂತಲ್ಲೇ ಹಾರುವಾಗ ಆ ಗಾಳಿಯ ವೇಗ ಸೆಕೆಂಡಿಗೆ ಐದೂವರೆ ಮೀಟರ್ ಆಸುಪಾಸು. ಅದರ ಅರ್ಧಕ್ಕಿಂತ ಹೆಚ್ಚಿನ ವೇಗದಲ್ಲಿ ನೇರ ಇಳಿಸಿದರೆ ಡ್ರೋನ್ ತಾನೇ ತಳ್ಳಿದ ಗಾಳಿಯೊಳಗೆ ಇಳಿಯುತ್ತದೆ. ಕೆಳಗೆ ಹೋದ ಗಾಳಿ ರೆಕ್ಕೆಯ ಅಂಚಿನಿಂದ ಸುತ್ತಿ ಮತ್ತೆ ಮೇಲಿನಿಂದ ಒಳಬರುತ್ತದೆ. ಪ್ರತಿ ಪ್ರೊಪೆಲ್ಲರ್ ಸುತ್ತ ಉಂಗುರದಂಥ ಗಾಳಿಸುಳಿ ಏಳುವ ಈ ಸ್ಥಿತಿಯನ್ನು ಹೆಲಿಕಾಪ್ಟರ್ ಚಾಲಕರು ವೋರ್ಟೆಕ್ಸ್ ರಿಂಗ್ ಸ್ಟೇಟ್ ಎನ್ನುತ್ತಾರೆ. ಅಲ್ಲಿ ಥ್ರಾಟಲ್ ಕೊಟ್ಟಷ್ಟೂ ಸುಳಿಗೇ ಬಲ ಕೊಟ್ಟಂತೆ. ನಾಲ್ಕು ಸುಳಿಗಳೂ ಒಂದೇ ಸಮ ಇರುವುದಿಲ್ಲವಾದ್ದರಿಂದ ಡ್ರೋನ್ ಓಲಾಡುತ್ತದೆ. ಸಮತೋಲನಕ್ಕೆ ಒಂದು ಮೋಟರನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ತಿರುಗಿಸಬೇಕು. ಎಲ್ಲವೂ ಪೂರ್ತಿ ವೇಗದಲ್ಲಿದ್ದರೆ ಹೆಚ್ಚಿಸಲು ಏನು ಉಳಿದಿದೆ? ಬ್ಯಾಟರಿ ಬೇರೆ ಖಾಲಿಯಾಗುತ್ತಿತ್ತು, ಅಷ್ಟು ಭಾರಕ್ಕೆ ವೋಲ್ಟೇಜ್ ಕುಸಿಯಿತು. ಬಲಗೈಯ ಸ್ಟಿಕ್ಕನ್ನು ಮುಂದಕ್ಕೆ ಒತ್ತಿದ್ದರೆ ಸಾಕಿತ್ತು, ಸುಳಿಯಿಂದ ಹೊರಗೆ ಜಾರುತ್ತಿತ್ತು. ಸ್ವಲ್ಪ ಗಾಳಿ ಬೀಸುತ್ತಿದ್ದರೂ ಸುಳಿಯನ್ನು ಪಕ್ಕಕ್ಕೆ ಒಯ್ಯುತ್ತಿತ್ತು. ನಾನು ಮೆಚ್ಚಿಕೊಂಡಿದ್ದ ಆ ನಿಶ್ಚಲ ಗಾಳಿಯೇ ಮುಳುವಾಯಿತು.

ಇನ್ನು ನಿಮ್ಮ ಉಳಿತಾಯ. 1.4 ಕಿಲೋವನ್ನು 100 ಮೀಟರ್ ಎತ್ತುವ ಕೆಲಸಕ್ಕೆ ಬೇಕಾದದ್ದು 0.4 ವ್ಯಾಟ್-ಅವರ್‌ಗಿಂತ ಕಡಿಮೆ. ಮೋಟರ್, ಪ್ರೊಪೆಲ್ಲರ್‌ಗಳಲ್ಲಿ ಪೋಲಾಗುವುದನ್ನು ಸೇರಿಸಿ ಇಮ್ಮಡಿ ಎನ್ನಿ. ನನ್ನ ಬ್ಯಾಟರಿಯಲ್ಲಿದ್ದದ್ದು 74 ವ್ಯಾಟ್-ಅವರ್. ಬ್ಯಾಟರಿಯನ್ನು ತಿನ್ನುವುದು ಎತ್ತರವಲ್ಲ, ಗಾಳಿಯಲ್ಲಿ ಕಳೆಯುವ ಹೊತ್ತು. ತೇಲಿ ನಿಲ್ಲಲು 180 ವ್ಯಾಟ್ ಬೇಕಾದರೆ, 100 ಸೆಕೆಂಡು ಏರುವಾಗ ಅದಕ್ಕೇ 5 ವ್ಯಾಟ್-ಅವರ್ ಹೋಗುತ್ತದೆ. ನಾಲ್ಕು ಪಟ್ಟು ವೇಗದಲ್ಲಿ ಏರಿಸಿದರೆ ಒಂದೂಕಾಲು. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಗಾಳಿ ತೆಳುವಾಗಿರುವುದರಿಂದ ತೇಲುವ ಖರ್ಚು ಇನ್ನಷ್ಟು ಹೆಚ್ಚು. ಡ್ರೋನ್ ಹಾರಾಟಕ್ಕೆ ಮುಕ್ತವಾದ ಹಸಿರು ವಲಯದಲ್ಲೂ ಅನುಮತಿಯಿಲ್ಲದೆ 400 ಅಡಿ (ಸುಮಾರು 120 ಮೀಟರ್) ಮೀರುವಂತಿಲ್ಲ. ಅಷ್ಟು ಎತ್ತರಕ್ಕೆ ನಿಧಾನವಾಗಿ ಏರಿ ಉಳಿಸುವುದು ಏನೂ ಇಲ್ಲ.

ಆದ್ದರಿಂದ ಸೆಕೆಂಡಿಗೆ 3–4 ಮೀಟರ್ ವೇಗದಲ್ಲಿ ಏರಿಸಿ. ಇಳಿಸುವಾಗ ಮುಂದಕ್ಕೆ ಸಾಗುತ್ತಾ, ಹದ್ದು ಸುತ್ತಿ ಇಳಿಯುವಂತೆ ಇಳಿಸಿ. ಹದವಾದ ವೇಗದಲ್ಲಿ ಮುಂದೆ ಹಾರಲು ನಿಂತಲ್ಲೇ ತೇಲುವುದಕ್ಕಿಂತ ಕಡಿಮೆ ಶಕ್ತಿ ಸಾಕು. ನೇರ ಇಳಿಸಲೇಬೇಕಾದ ಜಾಗವಾದರೆ ನನ್ನ ಹೊಸ ಡ್ರೋನಿನಲ್ಲಿ ಸೆಕೆಂಡಿಗೆ 1.5 ಮೀಟರ್ ಮಿತಿ ಹಾಕಿಟ್ಟಿದ್ದೇನೆ, ಬ್ಯಾಟರಿ ಶೇ 35 ಇರುವಾಗಲೇ ಇಳಿಸಲು ಆರಂಭಿಸುತ್ತೇನೆ. ಮೊದಲು ಕೊಯ್ಲಾದ ತೊಗರಿ ಹೊಲದ ಮೇಲೆ, ಸಾಕಷ್ಟು ಎತ್ತರದಲ್ಲಿ, ಇಳಿಯುತ್ತಿರುವಾಗಲೇ ಸ್ಟಿಕ್ ಮುಂದಕ್ಕೆ ಒತ್ತುವುದನ್ನು ಹತ್ತಾರು ಸಲ ಅಭ್ಯಾಸ ಮಾಡಿ. ನಡುಕ ಶುರುವಾದ ಮೇಲೆ ಯೋಚಿಸಲು ಸಮಯ ಸಿಗುವುದಿಲ್ಲ, ನನಗೆ ಸಿಗಲಿಲ್ಲ.